ಸೇವಾ ಕ್ಲಬ್ಬಿನ ಊಟದ ಸಭೆಗೆ ಬಂದ ರಟ್ಟಿನ ಪೆಟ್ಟಿಗೆ: ಕಪ್ಪು ಜನರ ಇತಿಹಾಸ ಉಳಿಸುವ ಕೆಲಸದಲ್ಲಿ ನಾವು ಕೈ ಹಾಕಬಹುದೇ?

ಪೈನ್‌ಕಾಡಿನವನು
ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕೆರೊಲೈನಾದ ಡರ್ಹಮ್ ನಗರದ ಹತ್ತಿರ ಹದಿನಾರು ವರ್ಷಗಳಿಂದ ವಾಸವಾಗಿದ್ದೇನೆ. ನಾಲ್ಕು ವರ್ಷಗಳ ಹಿಂದೆ ಇಲ್ಲಿನ ಒಂದು ಸೇವಾ ಕ್ಲಬ್ಬಿಗೆ ಸೇರಿದೆ. ವಾರಕ್ಕೊಮ್ಮೆ ಮಧ್ಯಾಹ್ನದ ಊಟ, ಇಪ್ಪತ್ತು ನಿಮಿಷದ ಒಂದು ಉಪನ್ಯಾಸ, ಕೊನೆಗೆ ಗಂಟೆ ಬಾರಿಸಿ ಮುಕ್ತಾಯ. ಈ ಫೆಬ್ರವರಿಯಲ್ಲಿ ಉಪನ್ಯಾಸಕರನ್ನು ಕರೆತರುವ ಸರದಿ ನನ್ನ ಪಾಲಿಗೆ ಬಂದಿತ್ತು. ನಮ್ಮ ಬಡಾವಣೆಯ ಹಿರಿಯರೊಬ್ಬರ ಸಲಹೆಯಂತೆ, ಕಪ್ಪು ಜನರದಾದ ತಮ್ಮ ಚರ್ಚಿನ ಹಳೆಯ ಕಾಗದಪತ್ರಗಳನ್ನು ವರ್ಷಗಳಿಂದ ಕಾಯ್ದುಕೊಂಡು ಬಂದಿರುವ ನಿವೃತ್ತ ಶಿಕ್ಷಕಿಯೊಬ್ಬರನ್ನು ಆಹ್ವಾನಿಸಿದೆ. ಅವರಿಗೆ ಎಪ್ಪತ್ತು ದಾಟಿದೆ.

ಅವರು ಸ್ಲೈಡುಗಳನ್ನು ತರಲಿಲ್ಲ, ಒಂದು ರಟ್ಟಿನ ಪೆಟ್ಟಿಗೆಯನ್ನು ತಂದರು. ಅದರೊಳಗಿಂದ ಒಂದೊಂದಾಗಿ ಹೊರಬಂದದ್ದು ಅಂತ್ಯಕ್ರಿಯೆಯ ದಿನ ಹಂಚುವ ಮುದ್ರಿತ ಪತ್ರಿಕೆಗಳು, ಸೆಕೆಗೆ ಬೀಸಿಕೊಳ್ಳುವ ರಟ್ಟಿನ ಬೀಸಣಿಗೆ, ಚರ್ಚಿನ ಮಹಿಳಾ ಸಮಿತಿಯ ನಡಾವಳಿ ಪುಸ್ತಕ, ಮತ್ತು ಇಪ್ಪತ್ಮೂರು ಮಂದಿ ನಿಂತಿರುವ ಒಂದು ಗುಂಪು ಛಾಯಾಚಿತ್ರ. ಆ ಇಪ್ಪತ್ಮೂರರಲ್ಲಿ ಒಂಬತ್ತು ಜನರ ಹೆಸರು ಮಾತ್ರ ಈಗ ಗೊತ್ತಿದೆಯಂತೆ. ‘ಐದು ವರ್ಷಗಳ ಹಿಂದೆ ಹದಿನಾಲ್ಕು ಜನರ ಹೆಸರು ಹೇಳುವವರೊಬ್ಬರಿದ್ದರು, ಅವರ ಅಂತ್ಯಕ್ರಿಯೆಯ ಪತ್ರಿಕೆಯೂ ಈಗ ಇದೇ ಪೆಟ್ಟಿಗೆಯಲ್ಲಿದೆ’ ಎಂದು ಅವರು ಹೇಳಿದಾಗ, ಕಾಫಿ ಲೋಟ ಎತ್ತಿದವರು ಎತ್ತಿದ ಹಾಗೆಯೇ ಕುಳಿತಿದ್ದರು.

ತೊಡಕು ಆಮೇಲೆ ಶುರುವಾಯಿತು. ನಮ್ಮ ಪದಾಧಿಕಾರಿಗಳಿಗೆ ಉತ್ಸಾಹ ಉಕ್ಕಿತು. ಪೆಟ್ಟಿಗೆಗಳನ್ನೆಲ್ಲ ಕ್ಲಬ್ಬಿಗೆ ತರಿಸಿಕೊಳ್ಳೋಣ, ಇವನು ಕಂಪ್ಯೂಟರಿನವನು ಸ್ಕ್ಯಾನ್ ಮಾಡುತ್ತಾನೆ, ಬಳಿಕ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಕ್ಲಬ್ಬಿನ ಹೆಸರಿನ ಫಲಕದೊಂದಿಗೆ ದಾನ ಮಾಡೋಣ ಎಂದು ಅಲ್ಲಿಯೇ ತೀರ್ಮಾನಿಸಿಬಿಟ್ಟರು. ಆ ತಾಯಿ ನಕ್ಕು, ‘ಚರ್ಚಿನಲ್ಲಿ ಕೇಳಿ ಹೇಳುತ್ತೇನೆ’ ಎಂದು ಪೆಟ್ಟಿಗೆಯನ್ನು ಮುಚ್ಚಿಕೊಂಡು ಹೊರಟರು. ಆ ನಗು ನನಗೆ ಇನ್ನೂ ಚುಚ್ಚುತ್ತಿದೆ. ಈ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ, ಮತ್ತು ಹಾಸನದಿಂದ ಬಂದ ನನ್ನಂಥವನು ಇದರಲ್ಲಿ ಕೈ ಹಾಕುವುದು ಸರಿಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಗ್ರಂಥಪಾಲಕಿ
ನಾನು ದಾಖಲೆ ಸಂರಕ್ಷಣೆಯ ಕೆಲಸದಲ್ಲಿಯೇ ಇರುವುದರಿಂದ ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ: ನಿಮ್ಮ ಪದಾಧಿಕಾರಿಗಳ ತೀರ್ಮಾನ ತಪ್ಪು, ಆ ತಾಯಿಯ ನಗು ಸರಿ. ಪೆಟ್ಟಿಗೆ ಎಲ್ಲಿದೆಯೋ ಅಲ್ಲಿಗೇ ಸ್ಕ್ಯಾನರ್ ಹೋಗಬೇಕೇ ಹೊರತು ಪೆಟ್ಟಿಗೆ ಸ್ಕ್ಯಾನರ್ ಇರುವಲ್ಲಿಗೆ ಬರಬಾರದು. ದಶಕಗಳ ಕಾಲ ದೊಡ್ಡ ಸಂಸ್ಥೆಗಳು ಕಪ್ಪು ಜನರ ಮನೆಗಳ, ಚರ್ಚುಗಳ ಕಾಗದಗಳನ್ನು ಒಂದೋ ಕಸವೆಂದು ನೋಡಿದವು, ಇಲ್ಲವೇ ತೆಗೆದುಕೊಂಡು ಹೋಗಿ, ಕೊಟ್ಟವರೇ ಅನುಮತಿ ಕೇಳಿ ನೋಡಬೇಕಾದ ಕೋಣೆಯಲ್ಲಿ ಇಟ್ಟವು. ಹೀಗಿರುವಾಗ ‘ನಮಗೆ ಕೊಟ್ಟುಬಿಡಿ’ ಎಂಬ ಮಾತು ಅವರ ಕಿವಿಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದನ್ನು ಯೋಚಿಸಿ.

ನಿಮ್ಮ ಪಕ್ಕದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದವರೇ ಸಮುದಾಯಗಳಿಗಾಗಿ ಒಂದು ಬೆನ್ನುಚೀಲವನ್ನು ಸಿದ್ಧಪಡಿಸಿದ್ದಾರೆ. ಧ್ವನಿಮುದ್ರಕ, ಸ್ಕ್ಯಾನಿಂಗ್ ಸಲಕರಣೆ, ಒಪ್ಪಿಗೆ ಪತ್ರದ ನಮೂನೆ ಮುಂತಾದವು ಇರುವ ಆ ಚೀಲ ಮನೆಮನೆಗೆ, ಚರ್ಚಿಗೆ ಹೋಗುತ್ತದೆ, ಮೂಲ ಪ್ರತಿ ಮನೆಯಲ್ಲೇ ಉಳಿಯುತ್ತದೆ. ಕ್ಲಬ್ಬಿಗೆ ಹಣ ಖರ್ಚು ಮಾಡುವ ಮನಸ್ಸಿದ್ದರೆ ಆಮ್ಲರಹಿತ ಫೋಲ್ಡರುಗಳನ್ನೂ ಪೆಟ್ಟಿಗೆಗಳನ್ನೂ, ನೆಲಮಾಳಿಗೆಯ ತೇವ ತೆಗೆಯುವ ಯಂತ್ರವನ್ನೂ ಕೊಡಿಸಲಿ. ಹರಿದ ಕಾಗದಕ್ಕೆ ಸೆಲ್ಲೋ ಟೇಪ್ ಅಂಟಿಸಲು, ಲ್ಯಾಮಿನೇಷನ್ ಮಾಡಿಸಲು ಯಾರನ್ನೂ ಬಿಡಬೇಡಿ. ಲ್ಯಾಮಿನೇಷನ್ ಆದ ಕಾಗದವನ್ನು ಮತ್ತೆ ಬಿಡಿಸಲು ನನ್ನಿಂದಲ್ಲ, ಯಾರಿಂದಲೂ ಸುಲಭವಾಗಿ ಆಗುವುದಿಲ್ಲ. ಅಂಟು ಹಾಳೆಯ ಹಳೆಯ ಆಲ್ಬಮ್ಮುಗಳಿದ್ದರೆ ಮೊದಲು ಅವನ್ನೇ ಸ್ಕ್ಯಾನ್ ಮಾಡಿ, ಏಕೆಂದರೆ ಆ ಅಂಟು ಚಿತ್ರವನ್ನು ನಿಧಾನವಾಗಿ ತಿನ್ನುತ್ತಿರುತ್ತದೆ. ಛಾಯಾಚಿತ್ರಗಳನ್ನು ಕನಿಷ್ಠ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ), ಗುಣಮಟ್ಟ ಕಳೆಯದ ಟಿಫ್ ಕಡತವಾಗಿ ಉಳಿಸಿ.

ಮತ್ತು ಸ್ಕ್ಯಾನಿಂಗಿಗಿಂತ ಮೊದಲು, ಆ ಉಳಿದ ಒಂಬತ್ತು ಹೆಸರುಗಳನ್ನು ಚಿತ್ರದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಈ ವಾರವೇ ಬರೆಸಿ.

ಬಫಲೋ_ಭಟ್ಟ
ಒಂದು ಪ್ರಶ್ನೆ ಕೇಳಿದರೆ ಕೋಪಿಸಿಕೊಳ್ಳಬೇಡಿ. ನಮ್ಮ ಅಜ್ಜನ ಮನೆಯ ಅಟ್ಟದಲ್ಲಿದ್ದ ತಾಳೆಗರಿಗಳನ್ನು ಗೆದ್ದಲು ತಿಂದು ಮುಗಿಸಿತು, ನಾವ್ಯಾರೂ ಒಂದು ಗರಿಯನ್ನೂ ಉಳಿಸಲಿಲ್ಲ. ಮನೆಯ ಗರಿ ಉಳಿಸದ ನಾವು ಇಲ್ಲಿಗೆ ಬಂದು ಬೇರೆಯವರ ಚರ್ಚಿನ ನಡಾವಳಿ ಪುಸ್ತಕ ಉಳಿಸುತ್ತೇವೆಂದು ಹೊರಡುವುದು ಸ್ವಲ್ಪ ನಾಟಕೀಯವಾಗಿ ಕಾಣುವುದಿಲ್ಲವೇ?

ಎರಡನೇ_ತಲೆಮಾರು
ಭಟ್ಟರೇ, ನಾನು ಇಲ್ಲಿಯೇ ಹುಟ್ಟಿದವಳು, ಅಪ್ಪ ಹಟ ಹಿಡಿದು ಕನ್ನಡ ಕಲಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ‘ಬೇರೆಯವರ’ ಎಂಬ ಪದದ ಬಗ್ಗೆ ನನ್ನ ತಕರಾರಿದೆ. ಭಾರತೀಯರಿಗೆ ಈ ದೇಶದ ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾಯ್ದೆಯಿಂದ. ಅದಕ್ಕೆ ಮುಂಚೆ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನರ ಮಿತಿಯಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಮತದಾನ ಹಕ್ಕಿನ ಕಾಯ್ದೆ ಹುಟ್ಟಿದ ವಾತಾವರಣದಲ್ಲಿಯೇ ಈ ವಲಸೆ ಕಾಯ್ದೆಯೂ ಹುಟ್ಟಿತು. ಲಾಠಿ, ನಾಯಿ, ಜೈಲುಗಳನ್ನು ಎದುರಿಸಿದ ಜನರ ಹೋರಾಟ ಇರದಿದ್ದರೆ ನಿಮ್ಮ ವೀಸಾದ ಕಥೆ, ನನ್ನ ಅಪ್ಪನ ಕಥೆ ಬೇರೆಯೇ ಆಗುತ್ತಿತ್ತು. ಆ ಹೋರಾಟಗಾರರು ಸಭೆ ಸೇರಿದ್ದು ಇಂಥ ಚರ್ಚುಗಳಲ್ಲಿಯೇ.

ಬಫಲೋ_ಭಟ್ಟ
1965ರ ಕಾಯ್ದೆಯ ಹಿಂದೆ ಶೀತಲ ಸಮರದ ಲೆಕ್ಕಾಚಾರಗಳೂ ಇದ್ದವು, ಎಲ್ಲವನ್ನೂ ಒಂದೇ ಕಾರಣಕ್ಕೆ ಕಟ್ಟಬೇಡಿ. ಆದರೂ ಮಾತಿನಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ, ಪೂರ್ತಿ ಅಲ್ಲ.

ನಿವೃತ್ತ_ಮೇಷ್ಟ್ರು
ಫೆಬ್ರವರಿಯಲ್ಲಿಯೇ ಏಕೆ ಇಂಥ ಉಪನ್ಯಾಸಗಳನ್ನು ಇಡುತ್ತಾರೆ ಎಂಬುದನ್ನು ತಿಳಿಯದೆ ಕ್ಲಬ್ಬುಗಳು ಇದನ್ನೊಂದು ವಾರ್ಷಿಕ ವಿಧಿಯನ್ನಾಗಿ ಮಾಡಿಕೊಂಡಿವೆ. ಕಾರ್ಟರ್ ಜಿ. ವುಡ್ಸನ್ ಎಂಬ ವಿದ್ವಾಂಸರು ಗುಲಾಮಗಿರಿಯಲ್ಲಿ ಬಾಳಿ ಬಿಡುಗಡೆ ಹೊಂದಿದ ದಂಪತಿಯ ಮಗ. ಗಣಿಯಲ್ಲಿ ದುಡಿದು, ತಡವಾಗಿ ಶಾಲೆಗೆ ಸೇರಿ, 1912ರಲ್ಲಿ ಹಾರ್ವರ್ಡಿನಿಂದ ಇತಿಹಾಸದಲ್ಲಿ ಡಾಕ್ಟರೇಟ್ ಪಡೆದರು. 1915ರಲ್ಲಿ ಕಪ್ಪು ಜನರ ಇತಿಹಾಸದ ಅಧ್ಯಯನಕ್ಕೆಂದೇ ಸಂಘ ಕಟ್ಟಿ, ಮರುವರ್ಷ ಪತ್ರಿಕೆಯೊಂದನ್ನು ಆರಂಭಿಸಿ, 1926ರಲ್ಲಿ ಫೆಬ್ರವರಿಯ ಒಂದು ವಾರವನ್ನು ಇದಕ್ಕಾಗಿ ಮೀಸಲಿಟ್ಟರು. ಆ ವಾರದಲ್ಲಿ ಲಿಂಕನ್ನರ ಜನ್ಮದಿನವೂ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸರ ಜನ್ಮದಿನವೂ ಬರುತ್ತವೆ, ಆ ಎರಡೂ ದಿನಗಳನ್ನು ಕಪ್ಪು ಸಮುದಾಯ ಅದಕ್ಕೂ ಮೊದಲೇ ಆಚರಿಸುತ್ತಿತ್ತು. ವಾರ ತಿಂಗಳಾಗಿ ಅಧ್ಯಕ್ಷ ಫೋರ್ಡ್ ಅವರ ಮನ್ನಣೆ ಪಡೆದದ್ದು 1976ರಲ್ಲಿ.

ಇನ್ನೊಂದು ಮಾತು. ಚಿಕ್ಕಂದಿನ ನಮ್ಮ ಪಠ್ಯಪುಸ್ತಕಗಳಲ್ಲಿ ‘ನೀಗ್ರೋ’ ಎಂದಿತ್ತು, ವುಡ್ಸನ್ನರ ಸಂಘದ ಹೆಸರಿನಲ್ಲಿಯೂ ಆ ಕಾಲಕ್ಕೆ ಅದೇ ಪದವಿತ್ತು. ಆದರೆ ಇಂದು ಕನ್ನಡದಲ್ಲಿ ಅದನ್ನು ಬಳಸುವುದು ತರವಲ್ಲ, ‘ಕರಿಯರು’ ಎಂಬುದು ಇನ್ನೂ ಕೆಟ್ಟದ್ದು. ‘ಕಪ್ಪು ಜನರು’ ಅಥವಾ ‘ಆಫ್ರಿಕನ್ ಅಮೆರಿಕನ್ನರು’ ಎಂದರೆ ಸಾಕು.

ಸುಮ್ನೆ_ಓದುಗ
ಮೇಷ್ಟ್ರೇ, ಅವರದು ಬಹುಪಾಲು ಬಾಯಿಮಾತಿನ ಇತಿಹಾಸ, ಬರವಣಿಗೆಯ ದಾಖಲೆಗಳೇ ಇಲ್ಲ ಎಂದು ಕೇಳಿದ್ದೇನೆ. ಇಲ್ಲದ್ದನ್ನು ಉಳಿಸುವುದು ಹೇಗೆ?

ವಂಶವೃಕ್ಷ
ಓದುಗರೇ, ದಾಖಲೆ ಇಲ್ಲವೆಂಬುದು ತಪ್ಪು ತಿಳಿವಳಿಕೆ. ದಾಖಲೆ ರಾಶಿ ರಾಶಿಯಾಗಿದೆ, ಆದರೆ ಅದನ್ನು ಬರೆದವರು ಒಡೆಯರು, ಬರೆದದ್ದು ತಮ್ಮ ಆಸ್ತಿಯ ಲೆಕ್ಕಕ್ಕಾಗಿ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆಂದೇ ಪ್ರತ್ಯೇಕ ಪಟ್ಟಿಯಿತ್ತು. ಅದರಲ್ಲಿ ಒಡೆಯನ ಹೆಸರು ಇರುತ್ತದೆ, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ ಇರುತ್ತವೆ, ಮನುಷ್ಯನ ಹೆಸರು ಮಾತ್ರ ಇರುವುದಿಲ್ಲ. 1870ರ ಜನಗಣತಿಯಲ್ಲಿ ಕಪ್ಪು ಜನರ ಹೆಸರುಗಳು ಮೊದಲ ಬಾರಿಗೆ ಕಾಣಿಸುತ್ತವೆ. ಅದಕ್ಕಿಂತ ಹಿಂದೆ ಹೋಗಬೇಕೆಂದರೆ ಕ್ರಯಪತ್ರ, ಉಯಿಲು, ಅಡಮಾನ ಪತ್ರಗಳನ್ನು ಜಾಲಾಡಬೇಕು. ವಂಶಾವಳಿ ಹುಡುಕುವವರು ಇದನ್ನು ‘1870ರ ಗೋಡೆ’ ಎನ್ನುತ್ತಾರೆ.

ಪೈನ್‌ಕಾಡಿನವರ ರಾಜ್ಯದಲ್ಲಿಯೇ ಈ ಗೋಡೆಗೆ ಕಿಂಡಿ ಕೊರೆಯುವ ಕೆಲಸ ನಡೆದಿದೆ. ಬಂಕಮ್ ಕೌಂಟಿಯ (ಅಂದರೆ ಜಿಲ್ಲೆಯ) ನೋಂದಣಿ ಕಚೇರಿಯು ಮನುಷ್ಯರನ್ನು ಮಾರಿದ ಕ್ರಯಪತ್ರಗಳನ್ನು ಹುಡುಕಿ ತೆಗೆದು ಜಾಲತಾಣದಲ್ಲಿ ಇರಿಸಿತು. ಗ್ರೀನ್ಸ್‌ಬರೋದ ವಿಶ್ವವಿದ್ಯಾಲಯವು ರಾಜ್ಯದ ಹಲವು ಕೌಂಟಿಗಳ ಇಂಥ ಪತ್ರಗಳನ್ನು ಒಂದೆಡೆ ತರುತ್ತಿದೆ. ಎಕರೆ, ಕುದುರೆ, ಗಾಡಿಗಳ ನಡುವೆ ಒಬ್ಬ ತಾಯಿಯ ಹೆಸರು, ಅವಳ ಮಗುವಿನ ವಯಸ್ಸು ಬರೆದಿರುವುದನ್ನು ಮೊದಲ ಬಾರಿ ಓದಿದ ದಿನ ನಾನು ಕಂಪ್ಯೂಟರ್ ಆರಿಸಿ ಎದ್ದುಹೋದೆ.

ಇದೇ ರಾಜ್ಯದ ಇನ್ನೊಂದು ಬಗೆಯ ದಾಖಲೆ ನನಗೆ ಬಹಳ ಇಷ್ಟ. ಗುಲಾಮಗಿರಿಯಲ್ಲಿ ಇದ್ದವರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. 1866ರಲ್ಲಿ ಉತ್ತರ ಕೆರೊಲೈನಾ ಒಂದು ಕಾಯ್ದೆ ಮಾಡಿ, ಈಗಾಗಲೇ ಗಂಡಹೆಂಡಿರಾಗಿ ಬಾಳುತ್ತಿದ್ದವರು ಅಧಿಕಾರಿಯ ಮುಂದೆ ಬಂದು, ಯಾವಾಗಿನಿಂದ ಕೂಡಿ ಬಾಳುತ್ತಿದ್ದೇವೆಂದು ಹೇಳಿ, 25 ಸೆಂಟ್ ಶುಲ್ಕ ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದಿತು. ಆಗಷ್ಟೇ ಬಿಡುಗಡೆಯಾದವರಿಗೆ 25 ಸೆಂಟ್ ಸಣ್ಣ ಮೊತ್ತವಾಗಿರಲಿಲ್ಲ. ಆದರೂ ಜನರು ನಡೆದುಕೊಂಡು ಬಂದು, ಇಪ್ಪತ್ತು ಮೂವತ್ತು ವರ್ಷಗಳ ದಾಂಪತ್ಯವನ್ನು ಕಾಗದದ ಮೇಲೆ ಬರೆಸಿದರು.

ಕಡತಪ್ರೇಮಿ
ವಂಶವೃಕ್ಷದವರ ಮಾತಿಗೆ ಒಂದು ಸಣ್ಣ ತಿದ್ದುಪಡಿ. 1870ಕ್ಕಿಂತ ಮೊದಲು ಕಪ್ಪು ಜನರ ಹೆಸರುಗಳೇ ಜನಗಣತಿಯಲ್ಲಿ ಇರಲಿಲ್ಲ ಎಂಬಂತೆ ಬರೆದಿದ್ದೀರಿ. ಗುಲಾಮಗಿರಿಯಲ್ಲಿ ಇರದ, ಸ್ವತಂತ್ರರಾಗಿದ್ದ ಕಪ್ಪು ಜನರು 1850 ಮತ್ತು 1860ರ ಸಾಮಾನ್ಯ ಪಟ್ಟಿಯಲ್ಲಿ ಹೆಸರಿನೊಂದಿಗೇ ಇದ್ದಾರೆ. ಉತ್ತರ ಕೆರೊಲೈನಾದಲ್ಲಿ ಅಂಥವರ ಸಂಖ್ಯೆ ಕಡಿಮೆಯೇನೂ ಇರಲಿಲ್ಲ.

ಜೊತೆಗೆ ಫ್ರೀಡ್‌ಮನ್ಸ್ ಬ್ಯೂರೋದ ಕಡತಗಳನ್ನು ಮರೆತಿರಿ. 1865ರಿಂದ 1872ರವರೆಗೆ ಬಿಡುಗಡೆಯಾದವರ ನೆರವಿಗೆ ಇದ್ದ ಆ ಸರ್ಕಾರಿ ಇಲಾಖೆಯ ಪಡಿತರ ಪಟ್ಟಿ, ಕೂಲಿ ಕರಾರು, ಆಸ್ಪತ್ರೆ ದಾಖಲೆ, ದೂರು ಅರ್ಜಿಗಳಿಂದ ಸುಮಾರು 18 ಲಕ್ಷ ಹೆಸರುಗಳನ್ನು ಸ್ವಯಂಸೇವಕರು ಹೆಕ್ಕಿ ಸೂಚಿ ಮಾಡಿ 2016ರಲ್ಲಿ ಮುಗಿಸಿದರು. ಮನೆಯಲ್ಲಿ ಕುಳಿತು, ಸಂಜೆ ಊಟವಾದ ಮೇಲೆ ಹತ್ತು ಸಾಲು ಓದಿ ಬೆರಳಚ್ಚಿಸಿದ ಸಾಮಾನ್ಯ ಜನರು ಮಾಡಿದ ಕೆಲಸ ಅದು. ಸೇವಾ ಕ್ಲಬ್ಬಿಗೆ ಫಲಕದ ಕನಸಿಗಿಂತ ಇದು ಒಳ್ಳೆಯ ಮಾದರಿ.

ವಂಶವೃಕ್ಷ
ತಿದ್ದುಪಡಿಯನ್ನು ಒಪ್ಪಿಕೊಂಡೆ, ಅವಸರದಲ್ಲಿ ಬರೆದೆ. ನೀವು ದೂರು ಅರ್ಜಿಗಳನ್ನು ನೆನಪಿಸಿದ್ದರಿಂದ ಪತ್ರಿಕಾ ಜಾಹೀರಾತುಗಳ ಬಗ್ಗೆಯೂ ಹೇಳಬೇಕು. ಬಿಡುಗಡೆಯ ನಂತರ ಜನರು, ಮಾರಾಟದಲ್ಲಿ ಅಗಲಿಹೋದ ತಾಯಿ, ತಮ್ಮ, ಮಗಳನ್ನು ಹುಡುಕಿ ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿದ್ದರು. ನ್ಯೂ ಆರ್ಲಿಯನ್ಸಿನ ಒಂದು ಕ್ರೈಸ್ತ ಪತ್ರಿಕೆ ‘ಕಳೆದುಹೋದ ಮಿತ್ರರು’ ಎಂಬ ಅಂಕಣವನ್ನೇ ನಡೆಸಿತು. ಚಂದಾದಾರರಲ್ಲದವರಿಗೆ ಒಂದು ಜಾಹೀರಾತಿಗೆ 50 ಸೆಂಟ್ ದರವಿತ್ತು, ಅವನ್ನು ಪಾದ್ರಿಗಳು ಉಪದೇಶ ಪೀಠದಿಂದ ಓದಿ ಹೇಳಬೇಕೆಂಬ ಕೋರಿಕೆಯೂ ಅದರೊಂದಿಗೆ ಇರುತ್ತಿತ್ತು. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಹದಿನೈದು, ಇಪ್ಪತ್ತು ವರ್ಷಗಳಾದ ಮೇಲೂ ಹುಡುಕುತ್ತಿದ್ದರು. ಫಿಲಡೆಲ್ಫಿಯಾದ ಬಳಿಯ ವಿಲ್ಲನೋವಾ ವಿಶ್ವವಿದ್ಯಾಲಯ ಇಂಥ ಜಾಹೀರಾತುಗಳನ್ನು ಸಾವಿರಗಟ್ಟಲೆ ಸಂಗ್ರಹಿಸಿದೆ. ಚರ್ಚಿನ ನಡಾವಳಿ ಪುಸ್ತಕವನ್ನು ಯಾರೂ ಹಗುರವಾಗಿ ಕಾಣಬಾರದು ಎಂದು ನಾನು ಹೇಳುವುದು ಇದಕ್ಕೇ.

ಸುಮ್ನೆ_ಓದುಗ
ನನ್ನ ಪ್ರಶ್ನೆ ದಡ್ಡತನದ್ದಾಗಿತ್ತು, ಆದರೆ ಕೇಳಿದ್ದರಿಂದ ಇಷ್ಟೆಲ್ಲ ಸಿಕ್ಕಿತು.

ಶಾರ್ಲೆಟ್_ಚನ್ನಮ್ಮ
ನಾನು ಸ್ಮಶಾನದ ಅನುಭವವೊಂದನ್ನು ಹೇಳುತ್ತೇನೆ, ಏಕೆಂದರೆ ಸೇವಾ ಸಂಘಗಳ ಉತ್ಸಾಹ ಎಷ್ಟು ಅಪಾಯಕಾರಿ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಘದ ಹೆಸರು ಹೇಳುವುದಿಲ್ಲ, ಅದರಲ್ಲಿ ನಾನೂ ಇದ್ದೆ ಎಂಬುದನ್ನು ಮಾತ್ರ ಹೇಳುತ್ತೇನೆ. ಪಾಳುಬಿದ್ದ ಕಪ್ಪು ಜನರ ಸ್ಮಶಾನವೊಂದನ್ನು ಸ್ವಚ್ಛಗೊಳಿಸೋಣವೆಂದು ಒಂದು ಶನಿವಾರ ನಲವತ್ತು ಮಂದಿ ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಕತ್ತಿ, ಗುದ್ದಲಿ, ರಭಸದಿಂದ ನೀರು ಚಿಮ್ಮುವ ಯಂತ್ರಗಳೊಂದಿಗೆ ಹೋದೆವು. ನೆಲದ ತುಂಬ ಹಬ್ಬಿದ್ದ ನೀಲಿ ಹೂವಿನ ಬಳ್ಳಿಯನ್ನು ಕಿತ್ತು ರಾಶಿ ಹಾಕಿದೆವು. ಅಲ್ಲಲ್ಲಿ ಬಿದ್ದಿದ್ದ ಕಾಡುಕಲ್ಲುಗಳನ್ನು ಹುಲ್ಲು ಕತ್ತರಿಸುವವರ ಅನುಕೂಲಕ್ಕೆಂದು ಬೇಲಿಯ ಬದಿಗೆ ಸಾಗಿಸಿದೆವು.

ಮಧ್ಯಾಹ್ನ ಬಂದ ಹಿರಿಯರೊಬ್ಬರು ಆ ರಾಶಿಯನ್ನು ನೋಡಿ ಮಾತಿಲ್ಲದೆ ಒಂದು ಮರದ ಕೆಳಗೆ ಕುಳಿತುಬಿಟ್ಟರು. ಆ ಬಳ್ಳಿ ವಿಂಕಾ, ನಮ್ಮ ನಿತ್ಯಪುಷ್ಪದ ದಾಯಾದಿ. ಸದಾ ಹಸಿರಾಗಿರುತ್ತದೆಂದು ಜನರು ಅದನ್ನು ಸಮಾಧಿಗಳ ಮೇಲೆ ನೆಡುತ್ತಿದ್ದರು. ಕತ್ತಿಯಂಥ ಎಲೆಯ ಯುಕ್ಕಾ ಗಿಡವನ್ನೂ ಗುರುತಿಗೆಂದು ನೆಡುತ್ತಿದ್ದರು. ಕೆತ್ತಿದ ಕಲ್ಲು ಕೊಳ್ಳಲಾಗದವರು ಕಾಡುಕಲ್ಲನ್ನೇ ತಲೆಯ ಬಳಿ, ಕಾಲಿನ ಬಳಿ ನಿಲ್ಲಿಸುತ್ತಿದ್ದರು. ಅಂದರೆ ನಾವು ಕಸವೆಂದು ಕಿತ್ತದ್ದು ಬಳ್ಳಿಯನ್ನಲ್ಲ, ಸಾಗಿಸಿದ್ದು ಕಲ್ಲನ್ನಲ್ಲ. ನೆಲ ಸ್ವಲ್ಪ ತಗ್ಗಾಗಿರುವುದೂ ಸಮಾಧಿಯ ಗುರುತೇ, ಅದನ್ನೂ ನಾವು ಮಣ್ಣು ಹಾಕಿ ಸಮ ಮಾಡಿದ್ದೆವು. ಬಳಿಕ ನೆಲದೊಳಕ್ಕೆ ರೇಡಾರ್ ಹಾಯಿಸಿ ಸಮಾಧಿಗಳ ಜಾಗ ಪತ್ತೆ ಮಾಡಬೇಕಾಯಿತು, ಆದರೆ ಯಾವ ಕಲ್ಲು ಯಾರದೆಂಬುದನ್ನು ಯಾವ ರೇಡಾರೂ ಹೇಳಲಿಲ್ಲ. ಕೆತ್ತಿದ ಕಲ್ಲಿಗೂ ಬರೀ ನೀರು, ಮೆದು ಕುಂಚ ಸಾಕು. ಬ್ಲೀಚ್, ತಂತಿ ಬ್ರಷ್, ಆ ನೀರು ಚಿಮ್ಮುವ ಯಂತ್ರ ಯಾವುದೂ ಕೂಡದು.

ಪೈನ್‌ಕಾಡಿನವನು
ಚನ್ನಮ್ಮನವರೇ, ಇದನ್ನು ಓದಿ ಬೆವರು ಬಂತು. ನಮ್ಮ ಕ್ಲಬ್ಬಿನ ಏಪ್ರಿಲ್ ಕಾರ್ಯಕ್ರಮಗಳ ಪಟ್ಟಿಯಲ್ಲಿ ‘ಸ್ಮಶಾನ ಸ್ವಚ್ಛತೆ’ ಎಂದು ಈಗಾಗಲೇ ಬರೆದಾಗಿದೆ. ಡರ್ಹಮ್ಮಿನಲ್ಲಿ 1877ರ ಗೀರ್ ಸ್ಮಶಾನವಿದೆ, ಅದನ್ನು ಸ್ಥಳೀಯರೇ ಎಷ್ಟೋ ವರ್ಷಗಳಿಂದ ಸಂಶೋಧನೆ ಮಾಡಿಕೊಂಡು ಜತನದಿಂದ ನೋಡಿಕೊಳ್ಳುತ್ತಿದ್ದಾರೆ. ಮೊದಲು ಅವರಲ್ಲಿ ಹೋಗಿ ಕಲಿತು ಬರೋಣವೆಂದು ಸೂಚಿಸುತ್ತೇನೆ.

ಗ್ರಂಥಪಾಲಕಿ
ಡರ್ಹಮ್ ಎಂದಿರಲ್ಲ, ನಿಮ್ಮ ಕ್ಲಬ್ಬಿನವರನ್ನು ಒಂದು ದಿನ ಸ್ಟ್ಯಾಗ್‌ವಿಲ್‌ಗೆ ಕರೆದುಕೊಂಡು ಹೋಗಿ. 1860ರ ವೇಳೆಗೆ ಸುಮಾರು 30,000 ಎಕರೆ ನೆಲವನ್ನೂ 900ರಷ್ಟು ಗುಲಾಮರನ್ನೂ ಹೊಂದಿದ್ದ ಒಂದೇ ಕುಟುಂಬದ ತೋಟವದು, ಈಗ ರಾಜ್ಯದ ರಕ್ಷಿತ ತಾಣ. ಅಲ್ಲಿನ ಇಟ್ಟಿಗೆಗಳಲ್ಲಿ, ಹಸಿ ಮಣ್ಣಾಗಿದ್ದಾಗ ಒತ್ತಿದ ಬೆರಳಿನ ಗುರುತುಗಳು ಇಂದಿಗೂ ಉಳಿದಿವೆ. ಹಾಗೆಯೇ ಹೇಟಿ ಎಂಬ ಬಡಾವಣೆಯನ್ನೂ ತೋರಿಸಿ, ತೋರಿಸಲು ಉಳಿದದ್ದು ಕಡಿಮೆ ಎಂಬುದೇ ಅಲ್ಲಿನ ಕಥೆ. 1898ರಲ್ಲಿ ಆರಂಭವಾದ ನಾರ್ತ್ ಕೆರೊಲೈನಾ ಮ್ಯೂಚುವಲ್ ವಿಮಾ ಸಂಸ್ಥೆಯಂಥ ಉದ್ಯಮಗಳನ್ನು ಕಟ್ಟಿ, ಅಂಗಡಿ, ಚಿತ್ರಮಂದಿರ, ಆಸ್ಪತ್ರೆ, ಗ್ರಂಥಾಲಯಗಳನ್ನು ತಾವೇ ನಡೆಸುತ್ತಿದ್ದ ಜನರ ನೆಲೆಯನ್ನು ನಗರ ನವೀಕರಣದ ಹೆಸರಿನಲ್ಲಿ ಕೆಡವಿ, ಅದರ ಮೇಲೆ 147ನೇ ಹೆದ್ದಾರಿಯನ್ನು ಹಾಯಿಸಿದರು. 1891ರ ಸೇಂಟ್ ಜೋಸೆಫ್ ಚರ್ಚಿನ ಕಟ್ಟಡ ಉಳಿದು ಇಂದು ಸಾಂಸ್ಕೃತಿಕ ಕೇಂದ್ರವಾಗಿದೆ. ನಿಮ್ಮ ಸದಸ್ಯರು ಪ್ರತಿದಿನ ಕಚೇರಿಗೆ ಹೋಗುವುದು ಆ ಹೆದ್ದಾರಿಯಲ್ಲಿಯೇ ಇರಬೇಕು.

ಪೈನ್‌ಕಾಡಿನವನು
ಸದಸ್ಯರಲ್ಲ, ನಾನೇ ಹೋಗುತ್ತೇನೆ. ಹದಿನಾರು ವರ್ಷಗಳಿಂದ.

ಕಡತಪ್ರೇಮಿ
ಬಾಯಿಮಾತಿನ ಇತಿಹಾಸದ ವಿಷಯಕ್ಕೆ ಹಿಂತಿರುಗುತ್ತೇನೆ, ಏಕೆಂದರೆ ಯಾರಾದರೂ ಧ್ವನಿಮುದ್ರಕ ಹಿಡಿದು ಹೋಗಿ ಮಾತಾಡಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಬರಬಾರದು. 1936ರಿಂದ 1938ರವರೆಗೆ ಸರ್ಕಾರದ ಬರಹಗಾರರ ಯೋಜನೆಯಡಿ ಗುಲಾಮಗಿರಿಯನ್ನು ಕಂಡು ಬದುಕಿದ್ದ 2,300ಕ್ಕೂ ಹೆಚ್ಚು ವೃದ್ಧರ ಮಾತುಗಳನ್ನು ಬರೆದುಕೊಂಡರು, ಅವು ಇಂದು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಕೇಳಿದವರು ಹೆಚ್ಚಿನಂಶ ಬಿಳಿಯರು, ಕೆಲವೆಡೆ ಹಿಂದಿನ ಒಡೆಯರ ಮನೆತನದವರೇ ಕೇಳಲು ಹೋದದ್ದುಂಟು. ಅದು ಆರ್ಥಿಕ ಕುಸಿತದ ಕಾಲ, ಎದುರಿಗೆ ಕುಳಿತವರು ಸರ್ಕಾರದವರು. ಹೀಗಿರುವಾಗ ಆ ಅಜ್ಜಿ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಯಾಳೇ? ಮೇಲಾಗಿ ಬರೆದುಕೊಂಡವರು ಅವರ ನುಡಿಯನ್ನು ವಕ್ರವಕ್ರವಾದ ಕಾಗುಣಿತದಲ್ಲಿ ಬರೆದು ನಗೆಪಾಟಲಾಗುವಂತೆ ಮಾಡಿದರು.

ನಿವೃತ್ತ_ಮೇಷ್ಟ್ರು
ಹಾಗೆಂದು ಅವನ್ನು ಪಕ್ಕಕ್ಕಿಡುವುದು ಸರಿಯಲ್ಲ. ದೋಷವಿದೆಯೆಂದು ಆ ಸಂಗ್ರಹವನ್ನು ಬಿಟ್ಟರೆ ಅಷ್ಟು ಜನರ ಬಾಯಿಂದ ಬಂದ ಇನ್ನೊಂದು ಸಂಗ್ರಹ ಎಲ್ಲಿದೆ? ನಮ್ಮಲ್ಲಿಯೂ ಜನಪದ ಸಂಗ್ರಹಕಾರರು ಹಾಡಿದವರ ಹೆಸರನ್ನೇ ಬರೆಯದೆ ಹಾಡನ್ನು ಮಾತ್ರ ಅಚ್ಚು ಹಾಕಿಸಿದ ಉದಾಹರಣೆಗಳಿವೆ, ಅದಕ್ಕಾಗಿ ನಾವು ಆ ಹಾಡುಗಳನ್ನು ಎಸೆಯಲಿಲ್ಲ. ಯಾರು ಕೇಳಿದರು, ಏಕೆ ಕೇಳಿದರು ಎಂಬ ಎಚ್ಚರವನ್ನಿಟ್ಟುಕೊಂಡು ಓದಬೇಕು.

ಕಡತಪ್ರೇಮಿ
ಎಸೆಯಿರಿ ಎಂದು ನಾನೆಲ್ಲಿ ಹೇಳಿದೆ ಮೇಷ್ಟ್ರೇ? ಪೈನ್‌ಕಾಡಿನವರು ಆ ಚರ್ಚಿನ ಯುವಕರ ಕೈಗೇ ಧ್ವನಿಮುದ್ರಕ ಕೊಡಲಿ, ಮೊಮ್ಮಗಳು ಕೇಳಿದರೆ ಅಜ್ಜಿ ಹೇಳುವ ಮಾತೇ ಬೇರೆ ಎಂಬುದಷ್ಟೇ ನನ್ನ ವಾದ.

ಯಲ್ಲಾಪುರದವಳು
ಭಟ್ಟರು ‘ಮನೆಯ ಗರಿ’ಯ ಮಾತು ಎತ್ತಿದ್ದರಿಂದ ಹೇಳುತ್ತಿದ್ದೇನೆ. ಆಫ್ರಿಕಾದಿಂದ ಬಲವಂತವಾಗಿ ತಂದ ಜನರ ಇತಿಹಾಸ ಕರ್ನಾಟಕಕ್ಕೆ ಹೊರಗಿನದಲ್ಲ. ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಯರ ಪೂರ್ವಿಕರು ಆ ಖಂಡದಿಂದ ಬಂದವರು. ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರೂ ಅವರಲ್ಲಿದ್ದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ, ವಿಧಾನ ಪರಿಷತ್ತಿನಲ್ಲಿ ಸಿದ್ದಿ ಸಮುದಾಯದ ಮೊದಲ ಸದಸ್ಯರಾಗಿ ಶಾಂತಾರಾಮ ಸಿದ್ದಿ ಅವರು ಕುಳಿತದ್ದು 2020ರಲ್ಲಿ. ಶಾಲೆಯಲ್ಲಿ ನನ್ನ ಪಕ್ಕ ಕುಳಿತ ಗೆಳತಿಯ ಅಜ್ಜಿ ಹೊಲಿಯುತ್ತಿದ್ದ ಕವಂದಿಯನ್ನು, ಅಂದರೆ ಕೌದಿಯನ್ನು, ಇಂದು ಹೊರದೇಶಗಳ ಪ್ರದರ್ಶನಗಳಲ್ಲಿ ಗೋಡೆಗೆ ತೂಗುಹಾಕುತ್ತಾರೆ. ಆ ಅಜ್ಜಿ ಅದನ್ನು ಮೊಮ್ಮಗುವಿಗೆ ಹೊದಿಸಲೆಂದು ಹೊಲಿದದ್ದು, ಹಳೆಯ ಸೀರೆ, ಅಂಗಿಗಳ ಯಾವ ತುಂಡು ಯಾರದೆಂದು ಬೆರಳಿಟ್ಟು ಹೇಳುತ್ತಿದ್ದರು. ಆ ಮಾತನ್ನು ನಾವ್ಯಾರೂ ಬರೆದುಕೊಳ್ಳಲಿಲ್ಲ.

ಬಫಲೋ_ಭಟ್ಟ
ಇದು ನನಗೆ ನಾಟಿತು. ನಾನು ಶಿರಸಿಯವನು, ಸಿದ್ದಿಯರ ಜೊತೆಯಲ್ಲಿಯೇ ಬೆಳೆದವನು, ಅವರು ಎಲ್ಲಿಂದ ಬಂದವರೆಂದು ಒಂದು ದಿನವೂ ಕೇಳಿದವನಲ್ಲ.

ಎರಡನೇ_ತಲೆಮಾರು
ಇನ್ನೊಂದು ಕೊಂಡಿಯನ್ನೂ ಸೇರಿಸುತ್ತೇನೆ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ವಿದ್ವಾಂಸ, ಹೋರಾಟಗಾರ ಡು ಬೋಯ್ಸ್ ಅವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದರು. ಡು ಬೋಯ್ಸ್ ಉತ್ತರವನ್ನೂ ಬರೆದರು. ಆ ಪತ್ರಗಳನ್ನು ನಾನು ಓದಿದ್ದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ ಉಳಿಸಿ ಜಾಲತಾಣಕ್ಕೆ ಏರಿಸಿದ ಅವರ ಕಾಗದಪತ್ರಗಳಲ್ಲಿ. ಯಾರೋ ಒಬ್ಬರು ‘ಹಳೆಯ ಪತ್ರ’ ಎಂದು ಬುಟ್ಟಿಗೆ ಹಾಕಿದ್ದರೆ ಅಷ್ಟೇ.

ಸಿಲಿಕಾನ್_ಸಿದ್ದಪ್ಪ
ನೀವೆಲ್ಲ ಚರ್ಚಿನ ಪೆಟ್ಟಿಗೆಗೆ ಇಷ್ಟು ಮಹತ್ವ ಕೊಡುತ್ತಿದ್ದೀರಿ, ಆದರೆ ವಾಷಿಂಗ್ಟನ್ನಿನಲ್ಲಿ 2016ರಲ್ಲಿ ಆಫ್ರಿಕನ್ ಅಮೆರಿಕನ್ನರ ಇತಿಹಾಸದ ಅಷ್ಟು ದೊಡ್ಡ ರಾಷ್ಟ್ರೀಯ ವಸ್ತುಸಂಗ್ರಹಾಲಯವೇ ತೆರೆದಿದೆ. ಎಲ್ಲವನ್ನೂ ಅಲ್ಲಿಗೆ ಕಳುಹಿಸಿದರೆ ತಜ್ಞರೇ ನೋಡಿಕೊಳ್ಳುತ್ತಾರೆ. ಹವ್ಯಾಸಿಗಳ ಕೈಯಲ್ಲಿ ಹಾಳಾಗುವುದಕ್ಕಿಂತ ಅದೇ ಲೇಸಲ್ಲವೇ?

ಗ್ರಂಥಪಾಲಕಿ
ಸಿದ್ದಪ್ಪನವರೇ, ಆ ವಸ್ತುಸಂಗ್ರಹಾಲಯ ಹೇಗೆ ತುಂಬಿತು ಎಂಬುದನ್ನು ನೋಡಿ. ಕಟ್ಟಡ ಏಳುವುದಕ್ಕೆ ಎಷ್ಟೋ ಮೊದಲು, 2008ರಿಂದಲೇ, ಅವರು ಊರೂರಿಗೆ ಹೋಗಿ, ‘ನಿಮ್ಮ ಮನೆಯ ಹಳೆಯ ವಸ್ತು ತನ್ನಿ, ಅದನ್ನು ಹೇಗೆ ಕಾಪಾಡಬೇಕೆಂದು ಹೇಳಿಕೊಡುತ್ತೇವೆ’ ಎಂದು ಶಿಬಿರಗಳನ್ನು ನಡೆಸಿದರು. ತಂದವರಲ್ಲಿ ಬಹಳ ಜನರು ವಸ್ತುವನ್ನು ಮನೆಗೇ ತೆಗೆದುಕೊಂಡು ಹೋದರು, ಕೆಲವರು ಸ್ವಂತ ಇಚ್ಛೆಯಿಂದ ಕೊಟ್ಟರು. ರಾಷ್ಟ್ರೀಯ ಸಂಸ್ಥೆಯೇ ಜನರ ಬಳಿಗೆ ಹೋಗಿ ಕಲಿಸಿತು ಎಂದ ಮೇಲೆ ಒಂದು ಕ್ಲಬ್ಬು ಪೆಟ್ಟಿಗೆ ತರಿಸಿಕೊಳ್ಳುವ ಮಾತಾಡುವುದು ಏಕೆ?

ಹವ್ಯಾಸಿಗಳ ಬಗ್ಗೆಯೂ ಒಂದು ಮಾತು. ಪೋರ್ಟೊ ರಿಕೊದಲ್ಲಿ ಹುಟ್ಟಿದ ಆರ್ಟುರೊ ಶೊಂಬರ್ಗ್ ವೃತ್ತಿಯಿಂದ ಬ್ಯಾಂಕೊಂದರ ಗುಮಾಸ್ತರು. ಬಿಡುವಿನಲ್ಲಿ ಹುಡುಕಿ ಕೂಡಿಹಾಕಿದ, ಕಪ್ಪು ಜನರ ಇತಿಹಾಸದ ಪುಸ್ತಕ, ಹಸ್ತಪ್ರತಿ, ಚಿತ್ರಗಳ ಸಂಗ್ರಹವನ್ನು 1926ರಲ್ಲಿ 10,000 ಡಾಲರಿಗೆ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕಾಗಿ ಕೊಂಡರು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯಲ್ಲಿ ಇಂದು ಅವರ ಹೆಸರಿನಲ್ಲಿರುವ ಕೇಂದ್ರಕ್ಕೆ ಅದೇ ಬುನಾದಿ.

ಸಿಲಿಕಾನ್_ಸಿದ್ದಪ್ಪ
ಮನೆಗೆ ಬೆಂಕಿ ಬಿದ್ದರೆ, ನೆರೆ ಬಂದರೆ ಏನು ಮಾಡುತ್ತೀರಿ ಎಂಬ ನನ್ನ ಆತಂಕ ಹಾಗೆಯೇ ಇದೆ.

ವಂಶವೃಕ್ಷ
ಆತಂಕ ನ್ಯಾಯವೇ. ಅದಕ್ಕಾಗಿಯೇ ಸ್ಕ್ಯಾನ್ ಪ್ರತಿಗಳು ಮೂರು ಕಡೆ ಇರಬೇಕು: ಚರ್ಚಿನಲ್ಲಿ ಒಂದು, ಗ್ರಂಥಾಲಯದಲ್ಲಿ ಒಂದು, ಬೇರೆ ಊರಿನಲ್ಲಿರುವ ಸದಸ್ಯರ ಮನೆಯಲ್ಲಿ ಇನ್ನೊಂದು.

ಪೈನ್‌ಕಾಡಿನವನು
ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಇಲ್ಲಿನ ಉತ್ತರಗಳನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಪದಾಧಿಕಾರಿಗಳ ಸಭೆಯಲ್ಲಿ ಓದಿದೆ. ಚನ್ನಮ್ಮನವರ ಬಳ್ಳಿಯ ಕಥೆಗೆ ಸಭೆ ತಣ್ಣಗಾಯಿತು, ಸ್ಮಶಾನದ ಕಾರ್ಯಕ್ರಮ ಸದ್ಯಕ್ಕೆ ಪಟ್ಟಿಯಿಂದ ಹೋಯಿತು. ಫಲಕದ ಮಾತು ಮಾತ್ರ ಪೂರ್ತಿ ಹೋಗಿಲ್ಲ, ಒಬ್ಬರು ತೇವ ತೆಗೆಯುವ ಯಂತ್ರದ ಮೇಲಾದರೂ ಕ್ಲಬ್ಬಿನ ಚಿಹ್ನೆ ಅಂಟಿಸಬಹುದೇ ಎಂದು ಕೇಳಿದರು. ಉತ್ತರ ಕೊಡದೆ ಸುಮ್ಮನಾದೆ.

ಕಳೆದ ಭಾನುವಾರ ನಾನೊಬ್ಬನೇ ಆ ಚರ್ಚಿಗೆ ಹೋಗಿದ್ದೆ. ಪ್ರಾರ್ಥನೆಯ ನಂತರ ಮಹಿಳಾ ಸಮಿತಿಯವರು ನೆಲಮಾಳಿಗೆಯಲ್ಲಿ ಊಟಕ್ಕೆ ಕೂರಿಸಿ, ಮೊದಲು ನನ್ನ ಊರು, ತಂದೆತಾಯಿ, ಮಕ್ಕಳ ಬಗ್ಗೆಯೆಲ್ಲ ವಿಚಾರಿಸಿಕೊಂಡರು. ನಮ್ಮ ಅಜ್ಜಿಯ ಫೋಟೊ ಮನೆಯಲ್ಲಿ ಒಂದೇ ಒಂದಿದೆ ಎಂದಾಗ ಆ ಶಿಕ್ಷಕಿ ಅದರ ಹಿಂದೆ ಹೆಸರು ಬರೆದಿದೆಯೇ ಎಂದು ಕೇಳಿದರು. ಬರೆದಿಲ್ಲ. ಆಮೇಲೆ ಷರತ್ತುಗಳನ್ನು ಅವರೇ ಹೇಳಿದರು: ಪೆಟ್ಟಿಗೆ ಕಟ್ಟಡ ಬಿಟ್ಟು ಹೊರಗೆ ಹೋಗುವುದಿಲ್ಲ, ಸ್ಕ್ಯಾನ್ ಮಾಡುವಾಗ ಸಮಿತಿಯ ಒಬ್ಬರು ಪಕ್ಕದಲ್ಲಿರುತ್ತಾರೆ, ಯಾವುದನ್ನು ಹೊರಗಿನವರಿಗೆ ತೋರಿಸಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ, ಕೆಲಸ ಚರ್ಚಿನ ಹೈಸ್ಕೂಲು ಮಕ್ಕಳಿಂದ ಆಗಬೇಕು ಮತ್ತು ನಾನು ಅವರಿಗೆ ಯಂತ್ರ ನಡೆಸಲು ಕಲಿಸಬೇಕು. ಮುಂದಿನ ತಿಂಗಳ ಮೊದಲ ಶನಿವಾರ ಆರಂಭಿಸುತ್ತೇವೆ. ಗುಂಪು ಚಿತ್ರದಲ್ಲಿ ಹತ್ತನೆಯ ಹೆಸರೂ ಸಿಕ್ಕಿದೆ, ಊಟದ ವೇಳೆ ಚಿತ್ರ ಕೈಯಿಂದ ಕೈಗೆ ಹೋಗುವಾಗ ಒಬ್ಬ ವೃದ್ಧರು ಎರಡನೆಯ ಸಾಲಿನ ಹುಡುಗಿಯ ಟೋಪಿಯನ್ನು ಗುರುತು ಹಿಡಿದರು.

ಬಫಲೋ_ಭಟ್ಟ
ಟೋಪಿಯನ್ನೇ? ಅದು ಹೇಗೆಂದು ವಿವರವಾಗಿ ಬರೆಯಬೇಕು.

ಪೈನ್‌ಕಾಡಿನವನು
ಅದು ಅವರ ಅಕ್ಕ ಮನೆಯಲ್ಲಿ ಹೊಲಿದ ಟೋಪಿಯಂತೆ ಭಟ್ಟರೇ. ಬಡಾವಣೆಯ ಹುಡುಗಿಯರು ಅದನ್ನು ಸಾಲ ಪಡೆದು ಹಾಕಿಕೊಳ್ಳುತ್ತಿದ್ದರಂತೆ. ಹಾಗಾಗಿ ಆ ಹುಡುಗಿ ನಿಜವಾಗಿಯೂ ಅಕ್ಕನೇ ಅಥವಾ ಟೋಪಿ ಸಾಲ ಪಡೆದವಳೇ ಎಂಬ ಬಗ್ಗೆ ಮಹಿಳಾ ಸಮಿತಿಯಲ್ಲಿ ಈಗ ದೊಡ್ಡ ಜಗಳ ನಡೆದಿದೆ. ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇವೆ.

ಶಾರ್ಲೆಟ್_ಚನ್ನಮ್ಮ
ಜಗಳವನ್ನೂ ಧ್ವನಿಮುದ್ರಿಸಿಕೊಳ್ಳಿ. ಆ ಶನಿವಾರ ನಾನೂ ಬರುತ್ತೇನೆ, ಎರಡೂವರೆ ಗಂಟೆಯ ದಾರಿ, ಚಿತ್ರಾನ್ನ ಕಟ್ಟಿಕೊಂಡು ಬರಲೇ ಅಥವಾ ಅಲ್ಲಿ ಊಟಕ್ಕೆ ಕೂರಿಸುತ್ತಾರೆಯೇ?